ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ವಸ್ತುಗಳನ್ನು ದೇಶವಾರು ಏಕೆ ಜೋಡಿಸಿಲ್ಲ?

1884ರಲ್ಲಿ ಸ್ಥಾಪನೆಯಾದ ಆಕ್ಸ್‌ಫರ್ಡ್‌ನ ಈ ಮ್ಯೂಸಿಯಂನಲ್ಲಿ ಜೋಡಣೆ ಬಹುಪಾಲು ಬಳಕೆಯ ಪ್ರಕಾರ. ವಾದ್ಯವೆಂದರೆ ಎಲ್ಲ ಖಂಡಗಳ ವಾದ್ಯಗಳೂ ಒತ್ತೊತ್ತಾಗಿ ಒಂದೇ ಕಡೆ. ಎಷ್ಟೋ ವಸ್ತುಗಳಿಗೆ ಪುಟ್ಟ ಕೈಬರಹದ ಚೀಟಿ. ಸಂಗ್ರಹ ಕೊಟ್ಟ ಪಿಟ್ ರಿವರ್ಸ್‌ಗೆ ಸರಳದಿಂದ ಸಂಕೀರ್ಣದತ್ತ 'ವಿಕಾಸ' ತೋರಿಸಬೇಕಿತ್ತು. ಎಡವಟ್ಟಾಗುವುದು ಅಲ್ಲೇ: ಒಬ್ಬರ ಬದುಕು ಇನ್ನೊಬ್ಬರ ಏಣಿಯ ಕೆಳಮೆಟ್ಟಿಲಾಗುತ್ತದೆ. ಅಮೆರಿಕದಲ್ಲಿ ಇಂಥದೇ ಜೋಡಣೆಯನ್ನು ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ 1887ರಲ್ಲೇ ಟೀಕಿಸಿದ್ದರು. ಅವರ ಉದಾಹರಣೆ: ಗಿಲಕಿ ಒಂದು ಕಡೆ ಮಗುವಿನ ಆಟಿಕೆ, ಮತ್ತೊಂದು ಕಡೆ ಭೂತ ಓಡಿಸುವ ಸಾಧನ. ಅಕ್ಕಪಕ್ಕ ಇಟ್ಟರೆ ಆ ವ್ಯತ್ಯಾಸವೇ ಮಾಯ. ಆದರೂ ಹೋಲಿಸಿ ನೋಡಲು ಈ ಕ್ರಮದಷ್ಟು ಮಜಾ ಬೇರೆಯದರಲ್ಲಿಲ್ಲ. ಆದರೆ 2020ರಲ್ಲಿ ಕುಗ್ಗಿಸಿದ ತಲೆಗಳೂ ಸೇರಿ 120 ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದರು. ಅವನ್ನು ಕಂಡ ಅನೇಕ ವೀಕ್ಷಕರು, ಅವನ್ನು ಮಾಡಿದ ಜನರೇ 'ಅನಾಗರಿಕರು' ಎಂದು ತೀರ್ಮಾನಿಸುತ್ತಿದ್ದರು.