ಬಿಸಿಯಾದ್ಮೇಲೆ ನಿಲ್ಲೋ ದೋಣಿ ಇಂಜಿನ್: ನಿಂತ ಜಾಗದಲ್ಲೇ ಕಿಡಿ ನೋಡಿ

ಪ್ರಶ್ನೆ: ನಮ್ದು ತುಮರಿ ಹತ್ರ, ಶರಾವತಿ ಹಿನ್ನೀರ ದಡ. ಅಪ್ಪಯ್ಯನ ಕಾಲದ 8 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ಇದೆ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಪಾಯಿಂಟ್ (ಕಿಡಿಗೆ ಕರೆಂಟ್ ಸೇರಿಸಿ ಕಡಿಯೋ ಸಣ್ಣ ಸ್ವಿಚ್) ಇರೋ ಹಳೇ ಮಾಡೆಲ್. ಬೆಳಗ್ಗೆ ಹಗ್ಗ ಎಳೆದ್ರೆ ಸಲೀಸಾಗಿ ಸ್ಟಾರ್ಟ್. ಅರ್ಧ ಗಂಟೆ ಓಡಿದ್ಮೇಲೆ ನಡುಗಕ್ಕೆ ಶುರು, ಎಳೆತ ಕಮ್ಮಿ ಆಗಿ ಆಮೇಲೆ ನಿಂತೇಹೋಗತ್ತೆ. ಹುಟ್ಟು ಹಾಕ್ಕೊಂಡು ದಡಕ್ಕೆ ಬಂದು, ಊಟ ಮಾಡಿ ಹೋದ್ರೆ ಮತ್ತೆ ಸ್ಟಾರ್ಟ್! ಪ್ಲಗ್ ಬದಲಾಯಿಸಿ ಆಯ್ತು, ಕಾರ್ಬ್ಯುರೇಟರ್ ಕ್ಲೀನ್ ಆಯ್ತು. ಮೆಕ್ಯಾನಿಕ್ ನೋಡಿದಾಗೆಲ್ಲ ಕಿಡಿ ಚೆನ್ನಾಗೇ ಇರತ್ತೆ. ಎಂತ ಮಾಡೋದು ಸರ್?

ಉತ್ತರ: ಮೆಕ್ಯಾನಿಕ್ ನೋಡೋ ಹೊತ್ತಿಗೆ ಇಂಜಿನ್ ತಣ್ಣಗಾಗಿರತ್ತಲ್ಲ ಮಾರಾಯ್ರೆ, ಕಿಡಿ ಬರದೇ ಇನ್ನೇನು! ನಿಮ್ಮ ಇಂಜಿನ್ ಕೆಡೋದು ನೀರ ಮಧ್ಯೆ, ಬಿಸಿಯಲ್ಲಿ, ಹಾಗಾಗಿ ಪರೀಕ್ಷೆನೂ ಅಲ್ಲೇ, ನಿಂತ ಎರಡು ನಿಮಿಷದ ಒಳಗೇ ಆಗ್ಬೇಕು. ದಡಕ್ಕೆ ತಂದು ಎಷ್ಟು ಬಿಚ್ಚಿದ್ರೂ ಸಿಕ್ಕಲ್ಲ.

ಮೊದ್ಲು ಪೆಟ್ರೋಲ್ ಕಡೆ ಅನುಮಾನ ಕಳ್ಕೊಳ್ಳಿ, ಅದು ಸುಲಭ. ನಡುಗಕ್ಕೆ ಶುರು ಆದ ತಕ್ಷಣ ಪೈಪಲ್ಲಿರೋ ರಬ್ಬರ್ ಬಲ್ಬ್ ಹಿಂಡಿ ನೋಡಿ, ಇಂಜಿನ್ ಚೇತರಿಸ್ಕೊಂಡ್ರೆ ತೊಂದ್ರೆ ಪೆಟ್ರೋಲ್‌ದು, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದ್ಯಾ, ಪಂಪ್ ಸರಿ ಇದ್ಯಾ ನೋಡಿ. ಹಿಂಡಿದ್ರೂ ಏನೂ ಆಗ್ಲಿಲ್ಲ ಅಂದ್ರೆ ಕಿಡಿಗೆ ಬನ್ನಿ.

ದೋಣಿಯಲ್ಲಿ ಎರಡು ಹಳೇ ಪ್ಲಗ್ ಇಟ್ಕೊಳ್ಳಿ, ಎರಡರ ಕಬ್ಬಿಣದ ಭಾಗಕ್ಕೂ ಒಂದೊಂದು ವೈರು ಸುತ್ತಿ ತುದಿಗೆ ಕ್ಲಿಪ್ ಹಾಕಿರಿ. ಇಂಜಿನ್ ನಿಂತ ಕೂಡ್ಲೆ ಗೇರ್ ನ್ಯೂಟ್ರಲ್ ಮಾಡಿ, ಕ್ಯಾಪ್‌ಗಳನ್ನ ಕಿತ್ತು ಈ ಹಳೇ ಪ್ಲಗ್‌ಗೆ ಸಿಕ್ಸಿ, ಕ್ಲಿಪ್ಪನ್ನ ಇಂಜಿನ್ನಿನ ಲೋಹದ ಮೈಗೆ ಕಚ್ಚಿಸಿ, ಹಗ್ಗ ಎಳೆದು ಯಾವ ಪ್ಲಗ್‌ನಲ್ಲಿ ಕಿಡಿ ಬರತ್ತೆ, ಯಾವುದ್ರಲ್ಲಿ ಬರಲ್ಲ ನೋಡಿ. ಒಳಗಿರೋ ಪ್ಲಗ್ ಬಿಚ್ಬೇಡಿ, ಬಿಚ್ಚಿದ್ರೆ ಆ ತೂತಿಂದ ಪೆಟ್ರೋಲ್ ಹಬೆ ಬರತ್ತೆ, ಪಕ್ಕದಲ್ಲೇ ಕಿಡಿ, ಬೇರೆ ಹೇಳ್ಬೇಕಾ. ಸುತ್ತ ಪೆಟ್ರೋಲ್ ವಾಸನೆ ಇದ್ರೆ ಮೊದ್ಲು ಅದು ಹೋಗ್ಲಿ. ಇಂಜಿನ್ ಮೈಗೆ ಕ್ಲಿಪ್ ಹಾಕದೇನೂ ಎಳೀಬೇಡಿ, ಕಿಡಿಗೆ ಹೋಗಕ್ಕೆ ದಾರಿ ಇಲ್ದೆ ಇದ್ರೆ ಕಿಡಿಯ ಕರೆಂಟ್ ಹುಟ್ಟಿಸೋ ತಂತಿ ಸುರುಳಿ, ಅಂದ್ರೆ ಕಾಯಿಲ್, ಹಾಳಾಗ್ಬಹುದು.

ಈಗ ನೀವು ಬರೆದಿದ್ರಲ್ಲೇ ಒಂದು ಸುಳಿವಿದೆ. ಈ ಹಳೇ ಮ್ಯಾಗ್ನೆಟೊಗಳಲ್ಲಿ (ಬ್ಯಾಟರಿ ಇಲ್ದೆ ತಿರುಗೋ ಮ್ಯಾಗ್ನೆಟ್ಟಿಂದ್ಲೇ ಕಿಡಿ ಹುಟ್ಟಿಸೋ ವ್ಯವಸ್ಥೆ) ಸಾಮಾನ್ಯವಾಗಿ ಒಂದೊಂದು ಸಿಲಿಂಡರ್‌ಗೂ ಅದರದ್ದೇ ಪಾಯಿಂಟ್, ಪಾಯಿಂಟ್ ಸುಡದ ಹಾಗೆ ಕಾಯೋ ಅದರದ್ದೇ ಕಂಡೆನ್ಸರ್, ಅದರದ್ದೇ ಕಾಯಿಲ್. ಎರಡು ಸೆಟ್ಟೂ ಒಂದೇ ಕ್ಷಣಕ್ಕೆ ಕೆಡೋದು ಅಪರೂಪ. ನಿಮ್ದು ಮೊದ್ಲು ನಡುಗತ್ತೆ, ಎಳೆತ ಕಳ್ಕೊಳ್ಳತ್ತೆ, ಆಮೇಲೆ ನಿಲ್ಲತ್ತೆ ಅಂದ್ರೆ ಒಂದು ಸಿಲಿಂಡರ್ ಕೈಕೊಟ್ಟು ಇನ್ನೊಂದು ಒಬ್ಬಂಟಿಯಾಗಿ ಎಳೆದು ಸೋಲ್ತಿದೆ ಅಂತ ನನ್ನ ಲೆಕ್ಕ. ಸ್ವಿಚ್ ಆಫ್ ಮಾಡಿದ ಹಾಗೆ ಪಟ್ ಅಂತ ನಿಲ್ತಿದ್ರೆ ನಾನು ಸ್ಟಾಪ್ ಬಟನ್ ವೈರ್ ನೋಡಿ ಅಂತಿದ್ದೆ. ಆ ವೈರಿನ ಕೆಲಸನೇ ಕಿಡಿಯ ಕರೆಂಟನ್ನ ಇಂಜಿನ್ ಮೈಗೆ ಹರಿಸಿ ಇಂಜಿನ್ ನಿಲ್ಲಿಸೋದು, ಮೇಲಿನ ಪದರ ಸವೆದು ಎಲ್ಲಾದ್ರೂ ತಾಗಿದ್ರೆ ತಾನಾಗೇ ನಿಲ್ಲಿಸತ್ತೆ.

ಕಿಡಿ ಕಡೆ ಬಿಸಿಗೆ ಹೆಚ್ಚಾಗಿ ಕೆಡೋದು ಎರಡು ಸಾಮಾನು, ಕಂಡೆನ್ಸರ್ ಇಲ್ಲಾ ಕಾಯಿಲ್. ಕಿಡಿ ನೀಲಿಯಾಗಿ ಚಟ್ ಅನ್ನೋ ಬದಲು ಹಳದಿಯಾಗಿ ಸಪ್ಪೆ ಇದ್ದು, ಪಾಯಿಂಟ್ ಸುಟ್ಟು ಕಪ್ಪಾಗಿದ್ರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಸಾಮಾನ್ಯವಾಗಿ 0.2 ರಿಂದ 0.3 ಮೈಕ್ರೋಫ್ಯಾರಡ್ ಇರೋ ಸಣ್ಣ ಡಬ್ಬಿ, ದುಡ್ಡೂ ಹೆಚ್ಚಾಗಲ್ಲ, ಅದಕ್ಕೇ ಮೊದ್ಲು ಅದನ್ನೇ ಬದಲಾಯಿಸಿ. ಬದಲಾಯಿಸೋ ಮುಂಚೆ ಎರಡೂ ಸಿಲಿಂಡರ್‌ನ ಕಂಡೆನ್ಸರ್ ಅದಲು ಬದಲು ಮಾಡಿ ಓಡಿಸಿದ್ರೂ ಆಗತ್ತೆ, ತೊಂದ್ರೆ ಇನ್ನೊಂದು ಸಿಲಿಂಡರ್‌ಗೆ ಹೋದ್ರೆ ಕಳ್ಳ ಸಿಕ್ಕ ಹಾಗೆ. ಹೋಗ್ಲಿಲ್ಲ ಅಂದ್ರೆ ಕಾಯಿಲ್. ಮಲ್ಟಿಮೀಟರ್ ಸಿಕ್ಸಿ ಹೇರ್ ಡ್ರೈಯರಲ್ಲಿ ನಿಧಾನಕ್ಕೆ ಕಾಯಿಸಿ (ಕರೆಂಟ್ ಇದ್ದಾಗ!), ತಣ್ಣಗಿದ್ದಾಗ ಕೆಲವು ಸಾವಿರ ಓಮ್ ತೋರಿಸ್ತಿದ್ದ ಹೈ ಟೆನ್ಷನ್ ಕಡೆ ಬಿಸಿಯಾದ್ಮೇಲೆ ಏನೂ ತೋರಿಸ್ಲಿಲ್ಲ ಅಂದ್ರೆ ಒಳಗೆ ತಂತಿ ತುಂಡಾಗಿದೆ.

ಹೇಗೂ ಬಿಚ್ತೀರಲ್ಲ, ಪಾಯಿಂಟೂ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಲೆ ಕೊಟ್ಟಿಗೆ ಮೂಲೇಲಿ ಕೂತ ಇಂಜಿನ್ ಪಾಯಿಂಟಿನ ಮುಖದ ಮೇಲೆ ಒಂದು ಮಬ್ಬು ಪದರ ಕೂರತ್ತೆ, ಕಣ್ಣಿಗೆ ಕಾಣೋದೂ ಕಷ್ಟ. ಉಪ್ಪುಕಾಗದ ಹಾಕಿ ತಿಕ್ಬೇಡಿ, ಅದರ ಮರಳು ಅಲ್ಲೇ ಉಳಿಯತ್ತೆ. ದಪ್ಪ ಕಾಗದಕ್ಕೆ, ಹಳೇ ಮದುವೆ ಕರೆಯೋಲೆ ಆದ್ರೂ ಸರಿ, ಸ್ವಲ್ಪ ಥಿನ್ನರ್ ಹಚ್ಚಿ ಪಾಯಿಂಟ್ ಮಧ್ಯೆ ಎಳೀರಿ, ಕಾಗದ ಕಪ್ಪಾಗೋದು ನಿಲ್ಲೋ ತನಕ. ಆಮೇಲೆ ಫೀಲರ್ ಗೇಜಲ್ಲಿ (ಸಂದಿ ಅಳೆಯೋ ತೆಳು ಲೋಹದ ಪಟ್ಟಿ) ಪಾಯಿಂಟಿನ ಗ್ಯಾಪ್ ನೋಡಿ, ಸಣ್ಣ ಇಂಜಿನ್‌ಗಳಿಗೆ ಸುಮಾರಾಗಿ 0.3 ರಿಂದ 0.5 ಮಿಮೀ, ನಿಮ್ದರ ಸರಿಯಾದ ಅಳತೆ ಮ್ಯಾನ್ಯುಯಲ್‌ನಲ್ಲಿರತ್ತೆ.

ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. ಟಿಲ್ಲರ್ ರಿಪೇರಿಯವ್ರ ಹತ್ರ ಇದನ್ನ ಒಯ್ಬೇಡಿ. ದೊಡ್ಡ ಟಿಲ್ಲರ್ ಆಗ್ಲಿ, ಸಿಗಂದೂರಿಗೆ ಓಡ್ತಿದ್ದ ಲಾಂಚ್ ಆಗ್ಲಿ ಹೆಚ್ಚಾಗಿ ಡೀಸೆಲ್, ಅದ್ರಲ್ಲಿ ಪ್ಲಗ್ ಕಿಡಿನೇ ಇಲ್ಲ, ಒತ್ತಡದ ಬಿಸಿಗೇ ಎಣ್ಣೆ ಹೊತ್ಕೊಳ್ಳತ್ತೆ. ಸಾಗರದಲ್ಲಿ ಹಳೇ ಯೆಜ್ಡಿ, ರಾಜ್‌ದೂತ್ ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಹುಡುಕಿ, ಪಾಯಿಂಟ್ ಸೆಟ್ ಮಾಡೋದು ಅವ್ರ ಕೈಗೆ ಗೊತ್ತಿರತ್ತೆ.

ಪ್ರಶ್ನೆ: ಹೊಸನಗರ ಕಡೆಯವ್ನು. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ಮುಳುಗಿದ್ದ ಮರದ ಬೊಡ್ಡೆಗೆ ಹೊಡೀತು. ಅವತ್ತಿಂದ ಕಿಡಿ ಇದೆ, ಪೆಟ್ರೋಲ್ ಇದೆ, ಸ್ಟಾರ್ಟ್ ಇಲ್ಲ, ಹಗ್ಗ ಎಳೆದ್ರೆ ಕೈಗೇ ವಾಪಸ್ ಹೊಡೆಯತ್ತೆ.

ಉತ್ತರ: ಫ್ಲೈವೀಲ್ ಕೀ, ಅಂದ್ರೆ ಇಂಜಿನ್ ಮೇಲಿನ ಭಾರದ ಚಕ್ರವನ್ನ ಶಾಫ್ಟ್ ಮೇಲೆ ಜಾಗ ತಪ್ಪದ ಹಾಗೆ ಹಿಡಿಯೋ ಸಣ್ಣ ಲೋಹದ ತುಂಡು, ಕತ್ತರಿಸಿರ್ಬೇಕು. ಇಂಜಿನ್ ಗಕ್ಕಂತ ನಿಂತಾಗ ಭಾರದ ಫ್ಲೈವೀಲ್ ನಿಲ್ಲಲ್ಲ, ಶಾಫ್ಟ್ ಮೇಲೆ ಸ್ವಲ್ಪ ತಿರುಗಿಬಿಡತ್ತೆ, ಟೈಮಿಂಗ್ ಹೋಯ್ತು, ಕಿಡಿ ಹೊತ್ತಲ್ಲದ ಹೊತ್ತಿಗೆ ಬರತ್ತೆ. ಇನ್ನು ಹಗ್ಗ ಎಳೀಲೇಬೇಡಿ, ಮಣಿಕಟ್ಟು ಮುರೀತು. ಪುಲ್ಲರ್ ಹಾಕಿ ಫ್ಲೈವೀಲ್ ತೆಗೀರಿ, ಸುತ್ತಿಗೆ ಏಟು ಬೇಡ, ಮ್ಯಾಗ್ನೆಟ್ ಒಡೀಬಹುದು, ಶಾಫ್ಟ್ ಹಾಳಾಗ್ಬಹುದು. ಕೀ ಕಂಪನಿದೇ ಹಾಕಿ, ಮೊಳೆ ಕತ್ತರಿಸಿ ಹಾಕೋದು ಬೇಡ. ಶಾಫ್ಟಿನ ಓರೆ ಭಾಗ ಎಣ್ಣೆ ಪಸೆ ಇಲ್ದ ಹಾಗೆ ಒರೆಸಿ ಕೂರ್ಸಿ, ನಟ್ಟನ್ನ ಮ್ಯಾನ್ಯುಯಲ್ ಹೇಳಿದಷ್ಟು ಟಾರ್ಕಿಗೆ ಬಿಗೀರಿ. ಟ್ರಯಲ್ ನೋಡೋದಾದ್ರೆ ನೀರು ತುಂಬಿದ ಡ್ರಮ್ಮಲ್ಲಿ ಇಳಿಸಿ ನೋಡಿ, ಒಣಗಾಳೀಲಿ ಓಡಿಸಿದ್ರೆ ನೀರಿನ ಪಂಪಿನ ರಬ್ಬರ್ ಸುಟ್ಟು ಇನ್ನೊಂದು ಖರ್ಚು.