ರಾತ್ರಿ ಮೂರು ಗಂಟೆಯ ಮೆಸೇಜುಗಳು

ಹಾಸನ ಜಿಲ್ಲೆಯ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾಳೆ. ಎಂಟನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯ ನವೆಂಬರಿನಲ್ಲಿ ಇದ್ದಕ್ಕಿದ್ದ ಹಾಗೆ ಬದಲಾದನಂತೆ. ದಿನಕ್ಕೆ ಎರಡು ಗಂಟೆ ನಿದ್ದೆ, ಆದರೂ ಸುಸ್ತಿಲ್ಲ. ರಾತ್ರಿ ಮೂರಕ್ಕೆ ಸಾಲು ಸಾಲು ಮೆಸೇಜು. ‘ನೀನಿಲ್ಲದೆ ನಾನಿಲ್ಲ’ ಅಂದ. ಅಪ್ಪನ ಕಾರ್ಡಿನಲ್ಲಿ ಇವಳಿಗೆ ದುಬಾರಿ ವಾಚು ಕೊಂಡ. ಇವಳೂ ಒಪ್ಪಿದಳು. ಜನವರಿಯಲ್ಲಿ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ಬೈಪೋಲಾರ್ ಅಂದರು, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ತೀರಾ ಕುಸಿಯುವ ಕಾಯಿಲೆ. ಅವನಮ್ಮ ಇವಳಿಗೆ ‘ಎಲ್ಲ ನಿನ್ನಿಂದಲೇ’ ಅಂದರು. ಕಳೆದ ವಾರ ಅವನು, ‘ಬದುಕಬೇಕು ಅನ್ನಿಸ್ತಿಲ್ಲ, ಯಾರಿಗೂ ಹೇಳಬೇಡ’ ಅಂದಿದ್ದಾನೆ. ಆ ಪ್ರೀತಿ ನಿಜವಾ, ಕಾಯಿಲೆಯಾ? ತಪ್ಪು ನನ್ನದಾ? ಗುಟ್ಟು ಕಾಯಬೇಕಾ? ಇವು ಅವಳ ಪ್ರಶ್ನೆಗಳು.

ತಂಗಿ, ಕೊನೆಯದಕ್ಕೆ ಮೊದಲ ಉತ್ತರ. ಪತ್ರ ಓದಿದ ದಿನವೇ ನಿನಗೆ ಫೋನ್ ಮಾಡಿದೆ. ನೀನು ನಿನ್ನ ಅಮ್ಮನನ್ನು ಕರೆದುಕೊಂಡು ಹೋಗಿ ಅವನ ಮನೆಯಲ್ಲಿ ಹೇಳಿದೆ. ಒಳ್ಳೆಯದಾಯ್ತು. ಇಂಥ ಗುಟ್ಟು ಹೊತ್ತುಕೊಂಡು ಇದನ್ನು ಓದುತ್ತಿರುವ ಬೇರೆಯವರೂ ಇರಬಹುದು. ಅವರೂ ಇವತ್ತೇ ಒಬ್ಬ ದೊಡ್ಡವರಿಗೆ ಹೇಳಲಿ. ಅವನು ಸಿಟ್ಟಾಗಲಿ ಬಿಡು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ. ನಂಬರು 14416. ಹಗಲೂ ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ತಪ್ಪು ನಿನ್ನದಲ್ಲ. ಈ ಕಾಯಿಲೆ ಜಾಸ್ತಿ ಜನರಲ್ಲಿ ಕಾಣಿಸಿಕೊಳ್ಳುವುದೇ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಚೀಚೆ. ಅದರಲ್ಲಿ ವಂಶದ ಪಾಲು ದೊಡ್ಡದು. ನಿದ್ದೆಗೆಟ್ಟರೆ, ಒತ್ತಡ ಹೆಚ್ಚಾದರೆ ಕೆರಳುತ್ತದೆ. ಆ ವಯಸ್ಸಿಗೇ ಪ್ರೀತಿಯೂ ಬರುತ್ತದೆ, ಬೋರ್ಡ್ ಪರೀಕ್ಷೆಯೂ ಬರುತ್ತದೆ. ಹೆತ್ತವರ ಕಣ್ಣಿಗೆ ಎದುರಿಗಿದ್ದ ಹುಡುಗಿಯೇ ಕಾರಣವಾಗಿ ಕಾಣುತ್ತಾಳೆ. ಆ ತಾಯಿ ಹೆದರಿದ್ದಾರೆ. ಆದರೂ ಹಾಗೆ ಅನ್ನಬಾರದಿತ್ತು.

ಇನ್ನು ಪ್ರೀತಿಯ ಮಾತು. ‘ಹುಚ್ಚು ಪ್ರೀತಿ’ ಅನ್ನುವುದನ್ನು ನಾವು ಹೊಗಳಿಕೆಗೇ ಬಳಸುತ್ತೇವೆ, ಅಲ್ವಾ? ನಿದ್ದೆ ಬಿಟ್ಟ, ಊಟ ಬಿಟ್ಟ, ಸಾಲ ಮಾಡಿ ಉಡುಗೊರೆ ತಂದ ಅಂದರೆ ಸಿನಿಮಾದಲ್ಲಿ ಶಿಳ್ಳೆ ಬೀಳುತ್ತದೆ. ಅದಕ್ಕೇ ನವೆಂಬರಿನಲ್ಲಿ ನಿನಗಾಗಲಿ, ಕ್ಲಾಸಿನವರಿಗಾಗಲಿ ಅನುಮಾನ ಬರಲಿಲ್ಲ. ಡಾಕ್ಟರು ಅದನ್ನು ಮೇನಿಯಾ ಅನ್ನುತ್ತಾರೆ. ವಾರವಿಡೀ, ಕೆಲವೊಮ್ಮೆ ತಿಂಗಳುಗಟ್ಟಲೆ ಮನಸ್ಸು ಓಡುತ್ತಲೇ ಇರುತ್ತದೆ. ಮಾತು, ಖರ್ಚು, ಧೈರ್ಯ ಎಲ್ಲಕ್ಕೂ ಲಗಾಮು ತಪ್ಪುತ್ತದೆ. ಆಗ ಪ್ರೀತಿಯೂ ಹಾಗೇ ಉಕ್ಕಬಹುದು. ಹಾಗಂತ ಎಂಟನೇ ಕ್ಲಾಸಿನಿಂದ ನಿನ್ನ ಜೊತೆ ಬಸ್ಸಿಗೆ ಕಾದವನು ಕಾಯಿಲೆಯವನಲ್ಲ, ಅವನೇ. ಆ ಗೆಳೆತನವನ್ನು ನಾನಾದರೆ ನಂಬುತ್ತೇನೆ. ಪ್ರೀತಿಯ ಲೆಕ್ಕವನ್ನು ಈಗ ಮುಗಿಸಬೇಡ. ನವೆಂಬರಿನ ಮಾತು ಹಿಡಿದುಕೊಂಡು ಅವನನ್ನು ಕೇಳಬೇಡ. ಜನವರಿಯ ಮೌನವನ್ನೂ ‘ಬೇಡ’ ಅಂತ ಓದಬೇಡ. ನೀನೂ ಒಮ್ಮೆ ಒಪ್ಪಿದ್ದೀನಲ್ಲ ಅಂತ ಸಿಕ್ಕಿಹಾಕಿಕೊಳ್ಳಬೇಕಿಲ್ಲ. ಕಾಯಿಲೆಯವನನ್ನು ಬಿಟ್ಟಳು ಅಂತ ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ.

ಲಿಥಿಯಂ ಕೊಟ್ಟಿದ್ದಾರೆ, ‘ತಲೆ ಮಂಕಾಗುತ್ತೆ’ ಅಂತ ಗೆಳೆಯರು ಹೆದರಿಸುತ್ತಾರೆ ಅಂದಿದ್ದೀಯ. ಅದೊಂದು ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಮೇನಿಯಾಕ್ಕೆ ಅದರಿಂದ ಗುಣವಿದೆ ಎಂದು ತೋರಿಸಿದರು. ಇವತ್ತಿಗೂ ಅದು ಮುಖ್ಯ ಔಷಧಿ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು. ತೊಂದರೆ ಅನ್ನಿಸಿದರೆ ಡಾಕ್ಟರಿಗೆ ಹೇಳಬೇಕೇ ಹೊರತು ತಾನಾಗಿ ನಿಲ್ಲಿಸಬಾರದು. ಮಾತ್ರೆ ನುಂಗಿದನಾ ಅಂತ ಕಾಯುವುದು ಅವನ ಮನೆಯವರ ಕೆಲಸ, ನಿನ್ನದಲ್ಲ. ನೀನು ಮಾಡಬಹುದಾದ್ದು ಒಂದಿದೆ. ರಾತ್ರಿ ಹತ್ತರ ಮೇಲೆ ಚಾಟ್ ಬೇಡ. ಪರೀಕ್ಷೆಗೆ ಅಂತ ಜೊತೆಗೆ ನೈಟ್‌ಔಟ್ ಓದುವುದೂ ಬೇಡ. ಈ ಕಾಯಿಲೆಯಲ್ಲಿ ನಿದ್ದೆ ಅರ್ಧ ಔಷಧಿ. ರಾತ್ರಿ ಮೂರಕ್ಕೆ ಮತ್ತೆ ಮೆಸೇಜು ಬರತೊಡಗಿದರೆ ಈ ಸಲ ಖುಷಿಪಡಬೇಡ, ಅವನಮ್ಮನಿಗೆ ಫೋನ್ ಮಾಡು.

ವಾಚಿನ ವಿಷಯ ಫೋನಿನಲ್ಲಿ ಮಾತಾಡುವುದು ಮರೆತೇಹೋಯ್ತು. ವಾಪಸು ಕೊಡು. ಅವನ ಕೈಗೆ ಬೇಡ, ಅವನು ನೊಂದುಕೊಳ್ಳುತ್ತಾನೆ. ಅವನಪ್ಪನಿಗೆ ಕೊಡು. ಡಬ್ಬಿ, ಬಿಲ್ಲು ಇದ್ದರೆ ಅದನ್ನೂ.