ಅರ್ಧ ರೇಟಿಗೆ ಕೇಳುವ ಗಿರಾಕಿ

ಪ್ರಶ್ನೆ: ನಾನು ಪೇಂಟಿಂಗ್ ಕೆಲಸ ಮಾಡುತ್ತೇನೆ. ರೇಟು ಹೇಳಿದ ತಕ್ಷಣ ಅರ್ಧಕ್ಕೆ ಕೇಳುತ್ತಾರೆ. ಒಪ್ಪಿಕೊಂಡು ಶುರು ಮಾಡಿದರೆ, ‘ಹಾಗೇ ಗೇಟಿಗೂ ಬಳಿದುಬಿಡಿ’ ಎನ್ನುತ್ತಾರೆ. ಕೊನೆಗೆ ಬಾಕಿ ದುಡ್ಡಿಗೆ ಅಲೆದಾಡಿಸುತ್ತಾರೆ. ಏನು ಮಾಡಲಿ?

ಉತ್ತರ: ನಾನೂ ಬ್ರಷ್ ಹಿಡಿದೇ ಸಂಸಾರ ಸಾಗಿಸಿದವನು. ಫೋನಿನಲ್ಲಿ ಮಾತ್ರ ರೇಟು ಹೇಳಬೇಡಿ. ಹೋಗಿ ಗೋಡೆ ಮುಟ್ಟಿ ನೋಡಿ. ತೇವ ಇದೆಯಾ, ಹಳೇ ಬಣ್ಣ ಚಕ್ಕೆ ಏಳುತ್ತಿದೆಯಾ ಅಂತ ಅವರಿಗೂ ತೋರಿಸಿ. ಅಳತೆ ಅವರ ಕಣ್ಣೆದುರೇ ಆಗಲಿ.

ರೇಟು ಇಳಿಸಿ ಅಂದರೆ ಕೆಲಸವನ್ನೂ ಇಳಿಸಿ. ‘ಗೋಡೆ ಸಮ ಮಾಡುವ ಪುಟ್ಟಿ ಬಿಟ್ಟು, ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್, ಅದರ ಮೇಲೆ 2 ಕೋಟ್ ಬಣ್ಣ ಹೊಡೆಯುತ್ತೇನೆ. ಗೋಡೆಯ ಉಬ್ಬುತಗ್ಗು ಕಾಣುತ್ತದೆ. ಆಗಬಹುದಾ?’ ಎಂದು ಕೇಳಿ. ಎಷ್ಟೋ ಜನ ಅಲ್ಲೇ ಮೆತ್ತಗಾಗುತ್ತಾರೆ. ಒಪ್ಪಿದರೆ ಹಾಗೇ ಮಾಡಿ. ಕಡಿಮೆ ದುಡ್ಡು ಅಂತ ಬಣ್ಣಕ್ಕೆ ನೀರು ಜಾಸ್ತಿ ಬೆರೆಸುವವರನ್ನು ಕಂಡರೆ ನನಗಾಗದು.

ಯಾವ ಕೋಣೆ, ಎಷ್ಟು ಕೋಟ್, ಸಾಮಾನು ಯಾರದು, ಹಳೇ ಬಣ್ಣ ಉಜ್ಜುವುದು ಸೇರಿದೆಯಾ, ಎಲ್ಲ ಬರೆದು ಸಹಿ ಹಾಕಿಸಿ. ಗೇಟಿನ ಮಾತು ಬಂದಾಗ ಮುಖ ಸಿಂಡರಿಸಬೇಡಿ. ‘ಮಾಡೋಣ ಸಾರ್, ಇಷ್ಟಾಗುತ್ತದೆ’ ಎಂದು ಆಗಲೇ ಹೇಳಿ, ವಾಟ್ಸಾಪ್‌ನಲ್ಲೂ ಹಾಕಿ. ಕೆಲಸ ಮುಗಿದ ಮೇಲೆ ಹೇಳಿದರೆ ಜಗಳವೇ.

ಬಣ್ಣ ಗೋಡೆ ಮೇಲೆ ಸ್ವಲ್ಪ ಬಳಿದು, ಒಣಗಿದ ಮೇಲೆ ಒಪ್ಪಿಗೆ ತೆಗೆದುಕೊಳ್ಳಿ. ಹಸಿಯಾಗಿದ್ದಾಗಿನ ಬಣ್ಣ ಬೇರೆ, ಒಣಗಿದ್ದು ಬೇರೆ ಅಲ್ವಾ?

ದುಡ್ಡು ಕಂತಿನಲ್ಲಿ ಕೇಳಿ: ಶುರುವಿಗೆ, ಪ್ರೈಮರ್ ಆದಾಗ, ಕೊನೇ ಕೋಟ್‌ಗೆ ಮುಂಚೆ. ಕೊನೆಗೆ ಉಳಿಯುವುದು ಚಿಕ್ಕ ಮೊತ್ತವಾಗಿರಲಿ. ಅಡ್ವಾನ್ಸ್ ಕೊಡಲ್ಲ, ಬರೆದೂ ಕೊಡಲ್ಲ ಅನ್ನುವ ಗಿರಾಕಿಗೆ ಕೈಮುಗಿದು ಬಂದುಬಿಡಿ.